ಮಂಡಿಗೂ ಹೆಣ್ಣು ಗಂಡೆಂಬ ಭೇದವುಂಟೆ?

ಮನೆಯ ಹಿರಿಯ ಹೆಣ್ಣುಮಗಳು ಗೋಡೆ ಹಿಡಿದು, ಮಂಡಿಯ ಮೇಲೆ ಕೈಯೂರಿ ಮೆಲ್ಲನೆ ಮೇಲೇಳುವ ದೃಶ್ಯವನ್ನು ಕಾಣದ ಮನೆ ನಮ್ಮಲ್ಲಿ ವಿರಳ. "ವಯಸ್ಸಾಯಿತು, ಇನ್ನೇನು" ಎಂಬ ಒಂದೇ ಮಾತಿನಲ್ಲಿ ಆಕೆಯೂ ಮನೆಯವರೂ ಆ ನೋವಿನ ಪ್ರಸ್ತಾಪವನ್ನು ಮುಗಿಸಿಬಿಡುತ್ತಾರೆ. ಬೀದಿಯ ಕೊನೆಯವರೆಗೂ ನಡೆಯಲಾಗದಂಥ ದಿನ ಬಂದಾಗ ಮಾತ್ರ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯ ವಿಚಾರ ಮೇಲೇಳುತ್ತದೆ. ಆ ಹೊತ್ತಿಗೆ ಮನೆಯವರ ಮುಂದೆ ಪ್ರಶ್ನೆಗಳ ಸಾಲೇ ನಿಂತಿರುತ್ತದೆ.

ಅವುಗಳಲ್ಲಿ ಒಂದನ್ನು ಈ ಸಂಚಿಕೆಯಲ್ಲಿ ಕೈಗೆತ್ತಿಕೊಂಡಿದ್ದೇವೆ. ಬಂಗಾರಪೇಟೆಯ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಪರಿಚಿತ ಕುಟುಂಬಗಳವರು ಇದನ್ನು ನಮ್ಮಲ್ಲಿ ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದ ಮಗನಿಗೆ ಅಲ್ಲಿಯವರು, "ಹೆಂಗಸರಿಗೆಂದೇ ಮಾಡಿದ ಮಂಡಿ ಇದೆ, ಸಾಧಾರಣ ಮಂಡಿಯೂ ಇದೆ, ಮೊದಲನೆಯದಕ್ಕೆ ಬೆಲೆ ಹೆಚ್ಚು, ಯಾವುದನ್ನು ಹಾಕೋಣ?" ಎಂದು ಕೇಳಿದರಂತೆ. ಸಂಜೆಯ ರೈಲಿನಲ್ಲಿ ಹಿಂದಿರುಗುವಾಗ ತಾಯಿ, "ನನಗೆ ಸಾದಾ ಮಂಡಿಯೇ ಸಾಕಪ್ಪ, ಸುಮ್ಮನೆ ಸಾಲ ಮಾಡಬೇಡ" ಎಂದರು. ಮಗನಿಗೋ, ಒಡವೆ ಅಡವಿಟ್ಟಾದರೂ ತಾಯಿಗೆ ಉತ್ತಮವಾದುದನ್ನೇ ಕೊಡಿಸಬೇಕೆಂಬ ಆಸೆ. ಈ ಇಬ್ಬರಲ್ಲಿ ಯಾರ ಮಾತು ಸರಿ? ಹೆಂಗಸರ ಮಂಡಿಯೆಂಬುದು ನಿಜವಾಗಿಯೂ ಒಂದಿದೆಯೆ? ಇದ್ದರೆ ಅದರಿಂದ ದೊರೆಯುವ ಪ್ರಯೋಜನವೆಷ್ಟು?

ಬದಲಾಗುವುದು ಏನು?

"ಮಂಡಿಚಿಪ್ಪು ಬದಲಾಯಿಸಿದರು" ಎಂದು ಆಡುಮಾತಿನಲ್ಲಿ ಹೇಳುವುದುಂಟು. ಆದರೆ ಈ ಶಸ್ತ್ರಚಿಕಿತ್ಸೆಯ ಮುಖ್ಯ ಕೆಲಸ ನಡೆಯುವುದು ಚಿಪ್ಪಿನ ಹಿಂಬದಿಯಲ್ಲಿ. ಮೇಲಿನಿಂದ ಬರುವ ತೊಡೆಯ ಮೂಳೆ, ಕೆಳಗಿನಿಂದ ಬರುವ ಕಣಕಾಲಿನ ಮೂಳೆ, ಇವೆರಡರ ಮುಂದೆ ಕಾವಲಿನಂತಿರುವ ಚಿಪ್ಪು, ಈ ಮೂರೂ ಸೇರುವ ಎಡೆಯೇ ಮಂಡಿ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದು ಸವೆದು ಮೂಳೆಗೆ ಮೂಳೆ ಉಜ್ಜತೊಡಗಿದಾಗ ನೋವು, ಊತ, ಬಿಗಿತಗಳು ಕಾಣಿಸಿಕೊಳ್ಳುತ್ತವೆ. ಕ್ರಮೇಣ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುವುದೂ ಉಂಟು.

ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಸವೆದ ತುದಿಗಳಿಂದ ಸುಮಾರು ಒಂದು ಸೆಂಟಿಮೀಟರಿನಷ್ಟು ಮೂಳೆಯನ್ನು ಕತ್ತರಿಸಿ ತೆಗೆಯುತ್ತಾರೆ. ತೊಡೆಯ ಮೂಳೆಯ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಲೋಹದ ಕವಚವನ್ನು ತೊಡಿಸುತ್ತಾರೆ. ಕಣಕಾಲಿನ ಮೂಳೆಯ ಮೇಲೆ ಲೋಹದ ತಟ್ಟೆಯೊಂದನ್ನು ಕೂರಿಸಿ, ಅದರ ಮೇಲೆ ಬಲವಾದ ಪಾಲಿಥಿಲೀನಿನ ಹಲಗೆಯನ್ನು ಇಡುತ್ತಾರೆ. ಚಿಪ್ಪಿನ ಒಳಮೈಗೆ ಬೇಕೆನಿಸಿದರೆ ಅದೇ ವಸ್ತುವಿನ ಪುಟ್ಟ ಬಿಲ್ಲೆಯನ್ನು ಅಂಟಿಸುತ್ತಾರೆ. ಇಡೀ ಮಂಡಿಯನ್ನು ಕಿತ್ತು ಇನ್ನೊಂದನ್ನು ಜೋಡಿಸುತ್ತಾರೆಂಬ ಭಯ ಅನೇಕರಲ್ಲಿದೆ. ಅದು ನಿರಾಧಾರ. ಸವೆದ ಮೇಲ್ಮೈಗೆ ಹೊಸ ಹೊದಿಕೆ ಹಾಕುವುದೆಂದು ತಿಳಿದರೆ ಸಾಕು.

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೃತಕ ಮಂಡಿಗಳ ಮೂಲಮಾದರಿ 1974ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ರೂಪುಗೊಂಡಿತು. ಅದನ್ನು ರೂಪಿಸಿದವರಲ್ಲಿ ಜಾನ್ ಇನ್ಸಾಲ್ ಅವರೊಡನೆ ನಮ್ಮ ದೇಶದಿಂದ ಹೋಗಿ ನೆಲೆಸಿದ್ದ ಚಿತ್ತರಂಜನ್ ರಾಣಾವತ್ ಅವರೂ ಇದ್ದರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿಯೂ ಬಲ ಮಂಡಿಗೆ 2001ರ ಜೂನಿನಲ್ಲಿಯೂ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಇದೇ ರಾಣಾವತ್. ಮಂಡಿ ಬದಲಾವಣೆಯೆಂಬ ಮಾತು ನಮ್ಮ ಹಳ್ಳಿಯ ಜಗಲಿಗಳವರೆಗೆ ತಲುಪಿದ್ದು ಬಹುಮಟ್ಟಿಗೆ ಆಗಲೇ.

ಹೆಂಗಸರ ಮಂಡಿಯ ವೈಶಿಷ್ಟ್ಯ

ಐವತ್ತು ದಾಟಿದ ಮೇಲೆ ಮಂಡಿ ಸವೆತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೃತಕ ಮಂಡಿ ಹಾಕಿಸಿಕೊಳ್ಳುವವರಲ್ಲಿಯೂ ಅವರದೇ ದೊಡ್ಡ ಪಾಲು. ಹೀಗಿರುವಾಗ ಅವರ ಮೂಳೆಯ ಆಕಾರವನ್ನು ಗಮನಿಸಿಯೇ ಉಪಕರಣವನ್ನು ಮಾಡಬೇಕೆಂಬ ಆಲೋಚನೆ ಸಹಜವೇ ಆಗಿದೆ.

ಮೂಳೆ ತಜ್ಞರು ಮುಖ್ಯವಾಗಿ ಮೂರು ವ್ಯತ್ಯಾಸಗಳನ್ನು ಗುರುತಿಸಿದರು. ಮೊದಲನೆಯದಾಗಿ, ತೊಡೆಯ ಮೂಳೆಯ ತುದಿಯ ಹಿಂದು ಮುಂದಿನ ಅಳತೆ ಒಂದೇ ಆಗಿದ್ದರೂ ಅಡ್ಡಗಲ ಹೆಂಗಸರಲ್ಲಿ ಸರಾಸರಿಯಾಗಿ ಕಡಿಮೆ. ಎರಡನೆಯದಾಗಿ, ಆ ಮೂಳೆಯ ಮುಂಬದಿಯ ಉಬ್ಬು ಅವರಲ್ಲಿ ಅಷ್ಟು ಎದ್ದಿರುವುದಿಲ್ಲ. ಮೂರನೆಯದಾಗಿ, ಸೊಂಟದ ಮೂಳೆ ಅಗಲವಾಗಿರುವ ಕಾರಣ ತೊಡೆಯಿಂದ ಮಂಡಿಗೆ ಬರುವ ಸ್ನಾಯುವಿನ ಸೆಳೆತದ ಕೋನ ತುಸು ಹೆಚ್ಚು.

ಇವು ಕಲ್ಪಿತ ವ್ಯತ್ಯಾಸಗಳಲ್ಲ. ಆದರೆ ಇವು ಸರಾಸರಿಯ ಮಾತುಗಳೆಂಬುದನ್ನು ಮರೆಯಬಾರದು. ಎತ್ತರದ ಹೆಂಗಸರೂ ಇದ್ದಾರೆ, ಗಿಡ್ಡ ಗಂಡಸರೂ ಇದ್ದಾರೆ. ಒಂದೇ ಎತ್ತರದ ಗಂಡು ಹೆಣ್ಣುಗಳನ್ನು ಹೋಲಿಸಿ ನೋಡಿದಾಗ ಮೂರನೆಯದಾಗಿ ಹೇಳಿದ ಕೋನದ ವ್ಯತ್ಯಾಸ ಬಹುಮಟ್ಟಿಗೆ ಮರೆಯಾಗುತ್ತದೆಂದು ಸಂಶೋಧಕರು ತೋರಿಸಿದ್ದಾರೆ. ಬಳೆಗಾರನು ಬಳೆ ತೊಡಿಸುವಾಗ ಕೈಯನ್ನು ಒತ್ತಿ ನೋಡಿಯೇ ಎರಡೂಕಾಲೋ ಎರಡೂವರೆಯೋ ಎಂದು ನಿರ್ಧರಿಸುತ್ತಾನೆ. ಹೆಣ್ಣೆಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಒಂದೇ ಬಳೆಯನ್ನು ತೊಡಿಸುವುದಿಲ್ಲ.

2006ರ ಹೊಸ ಮಂಡಿ

ಅಮೆರಿಕದ ಜಿಮ್ಮರ್ ಎಂಬ ಸಂಸ್ಥೆ 2006ರಲ್ಲಿ ಹೆಂಗಸರಿಗೆಂದೇ ವಿನ್ಯಾಸಗೊಳಿಸಿದ ಮಂಡಿಯನ್ನು ಮಾರುಕಟ್ಟೆಗೆ ತಂದಿತು. ಮೇಲೆ ಹೇಳಿದ ಮೂರು ವ್ಯತ್ಯಾಸಗಳಿಗೆ ಮೂರು ಮಾರ್ಪಾಡುಗಳು ಅದರಲ್ಲಿದ್ದವು. ಲೋಹದ ಕವಚದ ಅಡ್ಡಗಲವನ್ನು ಕಿರಿದುಗೊಳಿಸಲಾಗಿತ್ತು. ಮುಂಬದಿಯ ದಪ್ಪವನ್ನು ತಗ್ಗಿಸಲಾಗಿತ್ತು. ಚಿಪ್ಪು ಜಾರುವ ಕಾಲುವೆಯ ಓರೆಯನ್ನು ಬದಲಿಸಲಾಗಿತ್ತು. ವೈದ್ಯರಿಗೆ ಮಾತ್ರವಲ್ಲದೆ ನೇರವಾಗಿ ಮಹಿಳೆಯರಿಗೂ ಜಾಹೀರಾತಿನ ಮೂಲಕ ಇದನ್ನು ಪರಿಚಯಿಸಲಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ಆಸ್ಪತ್ರೆಗಳ ಪ್ರಕಟಣೆಗಳಲ್ಲಿಯೂ "ಮಹಿಳೆಯರ ಮಂಡಿ" ಕಾಣಿಸಿಕೊಂಡಿತು.

ಹೊಸ ವಸ್ತು ಹಳೆಯದಕ್ಕಿಂತ ಮೇಲೆಂದು ಹೇಳಬೇಕಾದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ದಕ್ಷಿಣ ಕೊರಿಯಾದ ಶಸ್ತ್ರಚಿಕಿತ್ಸಕರು ಇದಕ್ಕೆ ಒಳ್ಳೆಯ ಉಪಾಯವನ್ನು ಕಂಡುಕೊಂಡರು. ಎರಡೂ ಮಂಡಿಗಳು ಸವೆದಿದ್ದ ಮಹಿಳೆಯರನ್ನು ಆರಿಸಿ, ಒಂದು ಮಂಡಿಗೆ ಸಾಧಾರಣ ಉಪಕರಣವನ್ನೂ ಇನ್ನೊಂದಕ್ಕೆ ಮಹಿಳೆಯರದೆಂಬ ಉಪಕರಣವನ್ನೂ ಹಾಕಿದರು. ಯಾವ ಕಾಲಿಗೆ ಯಾವುದೆಂಬುದನ್ನು ಚೀಟಿ ಎತ್ತುವಂಥ ಕ್ರಮದಿಂದ ನಿರ್ಧರಿಸಿದರು. ಒಬ್ಬಳೇ ಹೆಣ್ಣುಮಗಳ ಎರಡು ಕಾಲುಗಳಾದ್ದರಿಂದ ತೂಕ, ವಯಸ್ಸು, ದುಡಿಮೆ, ನೋವು ತಾಳುವ ಶಕ್ತಿ ಎಲ್ಲವೂ ಎರಡು ಮಂಡಿಗಳಿಗೂ ಸಮಾನ. ಇದಕ್ಕಿಂತ ನ್ಯಾಯವಾದ ತಕ್ಕಡಿ ಸಿಗುವುದು ಕಷ್ಟ. 2010ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ನೋವು, ಮಡಿಚುವಿಕೆ, ನಡಿಗೆ, ರೋಗಿಯ ತೃಪ್ತಿ ಇವುಗಳಲ್ಲಿ ಯಾವುದರಲ್ಲಿಯೂ ಎರಡು ಮಂಡಿಗಳ ನಡುವೆ ಗಮನಾರ್ಹವಾದ ಅಂತರವಿರಲಿಲ್ಲ. ಮುಂದೆ ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರೂ ಇದೇ ತೀರ್ಮಾನಕ್ಕೆ ಬಂದರು. ಹಳೆಯ ಮಾದರಿಯ ಮಂಡಿಗಳೂ ಹೆಂಗಸರಲ್ಲಿ ಗಂಡಸರಲ್ಲಿನಷ್ಟೇ ಕಾಲ ಬಾಳಿಕೆ ಬಂದಿವೆಯೆಂಬುದು ಇಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿ.

ಹೆಸರಿಗಿಂತ ಅಳತೆ ಮುಖ್ಯ

ಹಾಗಾದರೆ ಹೆಂಗಸರ ಮಂಡಿಯ ವಿಚಾರವೆಲ್ಲ ವ್ಯಾಪಾರದ ಮಾತೆಂದು ತಳ್ಳಿಹಾಕೋಣವೆ? ಅದೂ ಆತುರವಾದೀತು.

ಅಮೆರಿಕದಲ್ಲಿ ನಡೆದು 2010ರಲ್ಲಿಯೇ ಪ್ರಕಟವಾದ ಮತ್ತೊಂದು ಅಧ್ಯಯನ ಲೋಹದ ಕವಚದ ಅಂಚು ಮೂಳೆಯಿಂದ ಹೊರಚಾಚುವುದನ್ನು ಅಳೆದು ನೋಡಿತು. 3 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಹೊರಚಾಚು ಗಂಡಸರ ಮಂಡಿಗಳಲ್ಲಿ ನೂರಕ್ಕೆ 40ರಲ್ಲಿ ಇದ್ದರೆ ಹೆಂಗಸರ ಮಂಡಿಗಳಲ್ಲಿ ನೂರಕ್ಕೆ 68ರಲ್ಲಿ ಕಂಡುಬಂದಿತು. ಹಾಗೆ ಹೊರಚಾಚಿದ ಮಂಡಿಗಳಲ್ಲಿ ಎರಡು ವರ್ಷಗಳ ಬಳಿಕವೂ ನೋವು ಉಳಿಯುವ ಸಂಭವ ಸುಮಾರು ಇಮ್ಮಡಿಯಾಗಿತ್ತು. ಲೋಹದ ಅಂಚು ಸುತ್ತಲಿನ ಮೃದು ಅಂಗಾಂಶಕ್ಕೆ ತಾಗಿ ಉಜ್ಜುವುದೇ ಇದಕ್ಕೆ ಕಾರಣವಿರಬೇಕು. ಕಾಲಿಗಿಂತ ದೊಡ್ಡದಾದ ಮೆಟ್ಟು ಹೇಗೆ ಹಿತವಾಗದೋ ಹಾಗೆ ಮೂಳೆಗಿಂತ ಅಗಲವಾದ ಕವಚವೂ ಹಿತವಾಗದು.

ನಮ್ಮ ದೇಶದ ಹೆಂಗಸರ ಮಟ್ಟಿಗೆ ಈ ವಿಚಾರಕ್ಕೆ ಇನ್ನೂ ಹೆಚ್ಚಿನ ತೂಕವಿದೆ. 2000ದಲ್ಲಿ ಮುಂಬಯಿಯ ವೈದ್ಯರು ಭಾರತೀಯರ ಮಂಡಿಗಳನ್ನು ಅಳೆದಾಗ, ಹಲವು ಮಹಿಳೆಯರ ಮೂಳೆ ಆ ದಿನಗಳಲ್ಲಿ ದೊರೆಯುತ್ತಿದ್ದ ಅತಿ ಚಿಕ್ಕ ಕವಚಕ್ಕಿಂತಲೂ ಚಿಕ್ಕದಾಗಿರುವುದು ತಿಳಿದುಬಂದಿತು. ಪಾಶ್ಚಾತ್ಯರ ಮೈಕಟ್ಟನ್ನು ಮನಸ್ಸಿನಲ್ಲಿಟ್ಟು ಮಾಡಿದ ಉಪಕರಣಗಳು ಅವು. ಅಂದರೆ ನಮ್ಮ ಹೆಣ್ಣುಮಕ್ಕಳ ತೊಂದರೆ ಹೆಣ್ಣಾದುದರಿಂದ ಬಂದುದಕ್ಕಿಂತ ಮೂಳೆ ಚಿಕ್ಕದಾದುದರಿಂದ ಬಂದುದೇ ಹೆಚ್ಚು. ಸಣ್ಣ ಮೈಕಟ್ಟಿನ ಗಂಡಸರಿಗೂ ಇದೇ ತೊಂದರೆ ಇತ್ತು.

ಇದನ್ನರಿತ ತಯಾರಕರು ಕಾಲಕ್ರಮದಲ್ಲಿ ದಾರಿಯನ್ನು ಬದಲಿಸಿದರು. ಸುಮಾರು 2013ರಿಂದೀಚೆಗೆ ಬಂದ ಪ್ರಮುಖ ಮಾದರಿಗಳಲ್ಲಿ ಅಳತೆಗಳ ಸಂಖ್ಯೆ ಹೆಚ್ಚಿತು. ಹಲವು ಅಳತೆಗಳಲ್ಲಿ ಸಾಧಾರಣ ಅಗಲದ್ದು ಮತ್ತು ಕಿರಿದಗಲದ್ದು ಎಂಬ ಎರಡು ಬಗೆಗಳು ಬಂದವು. ಹೆಣ್ಣಿನದು ಎಂಬ ಹೆಸರು ಹಿಂದೆ ಸರಿಯಿತು. ಕಿರಿದಗಲ ಎಂಬ ಗುಣ ಉಳಿಯಿತು. ನಮ್ಮ ದೇಶದಲ್ಲಿಯೇ ತಯಾರಾಗುವ, ಏಷ್ಯಾದವರ ಅಳತೆಯನ್ನು ಗಮನಿಸಿ ಮಾಡಿದ ಮಂಡಿಗಳೂ ಈಗ ದೊರೆಯುತ್ತವೆ. ಆದುದರಿಂದ ಆಸ್ಪತ್ರೆಯವರನ್ನು ಕೇಳಬೇಕಾದ ಪ್ರಶ್ನೆ "ಹೆಂಗಸರ ಮಂಡಿ ಇದೆಯೆ?" ಎಂಬುದಲ್ಲ, "ನಮ್ಮ ತಾಯಿಯ ಮೂಳೆಗೆ ಸರಿಹೊಂದುವ ಅಳತೆ ನಿಮ್ಮಲ್ಲಿದೆಯೆ?" ಎಂಬುದು.

ಚಿನ್ನದ ಬಣ್ಣದ ಮಂಡಿ

ಇಲ್ಲಿಯೇ ಇನ್ನೊಂದು ಮಾತು. ಚಿನ್ನದ ಬಣ್ಣದ ಮಂಡಿಯೊಂದನ್ನೂ ಈಗ ಮಾರುತ್ತಾರೆ. ಗಣಿಯ ಊರಿನವರಿಗೆ ಬಣ್ಣ ಬೇರೆ, ಚಿನ್ನ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೊಳಪು ಬರುವುದು ಟೈಟೇನಿಯಂ ನೈಟ್ರೈಡ್‌ನಂಥ ಲೇಪನದಿಂದ; ಅದರಲ್ಲಿ ಗುಲಗಂಜಿಯಷ್ಟೂ ಚಿನ್ನವಿಲ್ಲ. ನಿಕ್ಕಲ್ ಮೊದಲಾದ ಲೋಹಗಳು ಒಗ್ಗದವರಿಗೆ ಇಂಥ ಲೇಪನ ನೆರವಾಗಬಹುದೆಂಬ ಕಾರಣದಿಂದ ಅದನ್ನು ಬಳಸುತ್ತಾರೆ. ಅಗ್ಗದ ಓಲೆ ಅಥವಾ ಸರ ಹಾಕಿಕೊಂಡಾಗ ಕಿವಿ, ಕುತ್ತಿಗೆ ಕೆರೆದು ಗುಳ್ಳೆಯೇಳುವ ಹೆಂಗಸರು ಅನೇಕರಿದ್ದಾರೆ. ಅಂಥವರು ಶಸ್ತ್ರಚಿಕಿತ್ಸೆಗೆ ಮೊದಲೇ ಈ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಉಳಿದವರು ಬಣ್ಣಕ್ಕೆ ಮರುಳಾಗಿ ಹೆಚ್ಚಿನ ಹಣ ತೆರಬೇಕಾಗಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಬೆಲೆಯ ಲೆಕ್ಕ

ಹಿಂದೆ ಕೃತಕ ಮಂಡಿಯ ಬೆಲೆಗೆ ಲಗಾಮಿರಲಿಲ್ಲ. 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಅದಕ್ಕೆ ಗರಿಷ್ಠ ದರವನ್ನು ಗೊತ್ತುಪಡಿಸಿತು. ಇದನ್ನು ನಾಡಿಗೆ ತಿಳಿಸಿದವರು ಆಗ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ನಮ್ಮ ರಾಜ್ಯದ ಅನಂತಕುಮಾರ್. ಸರಾಸರಿ 1,58,324 ರೂಪಾಯಿಗಳಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ದರ 54,720 ರೂಪಾಯಿಗಳಿಗೆ ಇಳಿಯಿತು. ಹೆಚ್ಚು ಮಡಿಚಬಲ್ಲುದೆಂದು ಹೇಳಲಾಗುವ ಮಂಡಿಯ ದರ 1,81,728ರಿಂದ 56,490 ರೂಪಾಯಿಗಳಿಗೆ ಇಳಿಯಿತು. ತೆರಿಗೆ ಪ್ರತ್ಯೇಕ. ಪ್ರಾಧಿಕಾರವು ಆ ಬಳಿಕ ಆದೇಶದ ಅವಧಿಯನ್ನು ಮುಂದುವರಿಸುತ್ತ, ದರವನ್ನು ಪರಿಷ್ಕರಿಸುತ್ತ ಬಂದಿರುವುದರಿಂದ, ಶಸ್ತ್ರಚಿಕಿತ್ಸೆಗೆ ಹೋಗುವವರು ಅಂದಿನ ಜಾರಿ ದರವನ್ನು ವಿಚಾರಿಸಿಕೊಳ್ಳಬೇಕು.

ಈ ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಲೋಹ, ಮಡಿಚುವಿಕೆ, ಮರುಶಸ್ತ್ರಚಿಕಿತ್ಸೆ ಮೊದಲಾದ ಆಧಾರಗಳ ಮೇಲೆ ಅಲ್ಲಿ ವಿಭಾಗಗಳಿವೆಯೇ ಹೊರತು ಹೆಂಗಸರದೆಂಬ ಪ್ರತ್ಯೇಕ ವಿಭಾಗವಿಲ್ಲ. ಸಾಧಾರಣ ಮಂಡಿಗೂ ಹೆಚ್ಚು ಮಡಿಚುವ ಮಂಡಿಗೂ ಆ ಆದೇಶದಲ್ಲಿದ್ದ ಅಂತರ 1,770 ರೂಪಾಯಿ ಮಾತ್ರ. ಹೀಗಿರುವಾಗ ಹೆಂಗಸರ ಮಂಡಿಯೆಂಬ ಹೆಸರಿನಲ್ಲಿ ಯಾರಾದರೂ ದೊಡ್ಡ ಮೊತ್ತವನ್ನು ಹೆಚ್ಚಿಗೆ ಕೇಳಿದರೆ, ಅದು ಯಾವ ವಿಭಾಗಕ್ಕೆ ಸೇರಿದುದೆಂದು ಕೇಳಿ ತಿಳಿಯುವ ಹಕ್ಕು ನಮಗಿದೆ. ಕೊಠಡಿ ಬಾಡಿಗೆ, ವೈದ್ಯರ ಶುಲ್ಕ, ಔಷಧಿಗಳಿಗೆ ಈ ಆದೇಶ ಅನ್ವಯಿಸದು. ಉಪಕರಣದ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ತೋರಿಸಬೇಕೆಂದು ಕೇಳಿರಿ. ಉಪಕರಣದ ಪೆಟ್ಟಿಗೆಯ ಮೇಲಿನ ಚೀಟಿಯ ಪ್ರತಿಯನ್ನು ಕಡತದಲ್ಲಿ ಕಾಪಾಡಿಕೊಳ್ಳಿರಿ. ಮುಂದೆಂದಾದರೂ ತೊಂದರೆ ಕಾಣಿಸಿದರೆ ಅದು ಬೇಕಾಗುತ್ತದೆ.

ಹೆಚ್ಚು ಮಡಿಚುವ ಮಂಡಿಯ ಬಗೆಗೂ ಒಂದು ಮಾತು ಹೇಳಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಪೂಜೆಗೆ ಕೂರುವುದು, ಪಂಕ್ತಿಯಲ್ಲಿ ಕೂತು ಉಣ್ಣುವುದು ನಮಗೆ ಪ್ರಿಯವಾದುದರಿಂದ ಅದರ ಮೇಲೆ ಆಸೆ ಹುಟ್ಟುವುದು ಸಹಜ. ಸಾಧಾರಣ ಮಂಡಿಯೊಡನೆ ಹೋಲಿಸಿದ ಪರೀಕ್ಷೆಗಳಲ್ಲಿ ಮಡಿಚುವಿಕೆಯ ಅಂತರ ಹೇಳಿಕೊಳ್ಳುವಷ್ಟು ಕಾಣಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಮಂಡಿ ಎಷ್ಟು ಮಡಿಚುತ್ತಿತ್ತೆಂಬುದೇ ಆ ಬಳಿಕದ ಮಡಿಚುವಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ನಿಜವಾದ ಭೇದ ಇರುವುದೆಲ್ಲಿ?

ಮಂಡಿಯ ವಿಚಾರದಲ್ಲಿ ಹೆಣ್ಣು ಗಂಡೆಂಬ ಭೇದ ಖಂಡಿತವಾಗಿ ಇದೆ. ಅದು ಲೋಹದಲ್ಲಿರುವುದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿದೆ.

ಕೆನಡಾದ ಒಂಟೇರಿಯೋ ಪ್ರಾಂತದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಮಂಡಿ ಮತ್ತು ಸೊಂಟದ ಕೀಲು ಬದಲಾವಣೆಯ ಅಗತ್ಯವಿದ್ದೂ ಅದು ದೊರೆಯದವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಮೂರು ಪಟ್ಟಿಗೂ ಹೆಚ್ಚೆಂದು ಹೇಳಿತು. ಅದೇ ಪ್ರಾಂತದಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತಷ್ಟು ಮಾರ್ಮಿಕವಾದುದು. ಒಂದೇ ಪ್ರಮಾಣದ ಮಂಡಿ ಸವೆತವಿದ್ದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಒಂದೇ ಬಗೆಯ ಮಾತುಗಳನ್ನು ಹೇಳಲು ಸಿದ್ಧಗೊಳಿಸಿ, 71 ವೈದ್ಯರ ಬಳಿಗೆ ಕಳುಹಿಸಲಾಯಿತು. ನೂರಕ್ಕೆ 67 ವೈದ್ಯರು ಗಂಡಸಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೇಳಿದರೆ ಹೆಂಗಸಿಗೆ ಹಾಗೆ ಹೇಳಿದವರು ನೂರಕ್ಕೆ 33 ಮಾತ್ರ. ನೋವು ಒಂದೇ, ಚಿತ್ರ ಒಂದೇ, ಮಾತು ಒಂದೇ. ಸಲಹೆ ಮಾತ್ರ ಎರಡು.

ಓದು ಬಲ್ಲ ವೈದ್ಯರಲ್ಲಿಯೇ ಹೀಗಾದರೆ ನಮ್ಮ ಮನೆಗಳ ಮಾತೇನು? ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ರಾಗಿ ಹೊಲದ ಕಳೆ ಕೀಳುವವರು, ಟೊಮೆಟೊ ಬಿಡಿಸುವವರು, ನಸುಕಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆದು ಡೈರಿಗೆ ಕೊಟ್ಟುಬರುವವರು ಬಹುಪಾಲು ಹೆಂಗಸರೇ. ಮನೆಯ ಯಜಮಾನನಿಗೆ ಕಾಲು ನೋವೆಂದರೆ ಮರುದಿನವೇ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡಾಗುತ್ತದೆ. ಮನೆಯಾಕೆಯ ನೋವಿಗೆ ಮುಲಾಮಿನ ಡಬ್ಬಿ ಬರುತ್ತದೆ. ಮಗಳ ಮದುವೆಯಾಗಲಿ, ಮಗನ ಓದು ಮುಗಿಯಲಿ, ಸೊಸೆಯ ಹೆರಿಗೆಯಾಗಲಿ ಎಂದು ಆಕೆಯೇ ದಿನ ತಳ್ಳುತ್ತಾಳೆ. ತಳ್ಳಿದಷ್ಟೂ ಕಾಲು ಬಾಗುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಮಡಿಚುವಿಕೆ ಕುಗ್ಗುತ್ತದೆ. ಹೆಂಗಸರು ಶಸ್ತ್ರಚಿಕಿತ್ಸೆಗೆ ಬರುವ ಹೊತ್ತಿಗೆ ಗಂಡಸರಿಗಿಂತ ಹೆಚ್ಚು ಕುಂದಿರುತ್ತಾರೆಂಬುದು ಹಲವು ದೇಶಗಳ ವೈದ್ಯರ ಅನುಭವ. ಕುಂದಿ ಬಂದವರು ಚೇತರಿಸಿಕೊಳ್ಳುವ ಮಟ್ಟವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಯಾವ ಕಿರಿದಗಲದ ಕವಚವೂ ಕಳೆದುಹೋದ ಆ ಐದಾರು ವರ್ಷಗಳನ್ನು ತಂದುಕೊಡಲಾರದು.

ಚಿನ್ನದ ಗಣಿ ಪ್ರದೇಶದವರಿಗೆ ಇನ್ನೂ ಒಂದು ಅಡಚಣೆ. ಭಾರತ್ ಗೋಲ್ಡ್ ಮೈನ್ಸ್ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕಾರ್ಮಿಕ ಕುಟುಂಬಗಳಿಗಿದ್ದ ಕಂಪನಿ ಆಸ್ಪತ್ರೆಯ ಆಸರೆ ಮೊದಲಿನಂತೆ ಉಳಿಯಲಿಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ನಿತ್ಯವೂ ಸಾವಿರಾರು ಜನ ದುಡಿಮೆಗೆ ಹೋಗಿಬರುತ್ತಾರೆ. ಮಂಡಿ ಸವೆದ ತಾಯಿಗೆ ಆ ರೈಲಿನ ಮೆಟ್ಟಿಲೇ ಬೆಟ್ಟ. ಹೀಗಾಗಿ ಮೊದಲ ತಪಾಸಣೆಗೇ ಬೆಂಗಳೂರಿಗೆ ಹೋಗಬೇಕೆಂದು ತಿಳಿಯಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ, ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಅಲ್ಲಿಂದ ಮುಂದೆ ಬೇಕೆನಿಸಿದರೆ ಬೆಂಗಳೂರಿನ ಜಯನಗರದಲ್ಲಿರುವ ಸರ್ಕಾರಿ ಸ್ವಾಮ್ಯದ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಡಿ ನಿಮಗೆ ದೊರೆಯುವ ನೆರವೆಷ್ಟು, ಶಿಫಾರಸು ಪತ್ರ ಎಲ್ಲಿಂದ ಬೇಕು ಎಂಬುದನ್ನು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ತಿಳಿದುಕೊಳ್ಳಿರಿ. ಸಾಲದ ವಿಚಾರ ಆಮೇಲಿನದು.

ನಿರ್ಧಾರಕ್ಕೆ ಮುನ್ನ

ಎಲ್ಲ ಮಂಡಿನೋವಿಗೂ ಶಸ್ತ್ರಚಿಕಿತ್ಸೆಯೇ ಮದ್ದಲ್ಲ. ಸವೆತದ ಆರಂಭದಲ್ಲಿ ತೂಕ ಇಳಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ನೋವಿರುವ ಕಾಲಿನ ವಿರುದ್ಧ ಕೈಯಲ್ಲಿ ಊರುಗೋಲು, ಕುಕ್ಕರುಗಾಲಿನ ಕೆಲಸಕ್ಕೆ ಬದಲಾಗಿ ಮಣೆ ಅಥವಾ ಮೋಡ, ಇವುಗಳಿಂದ ಎಷ್ಟೋ ವರ್ಷ ನೆಮ್ಮದಿಯಾಗಿರಬಹುದು. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಊರುಗಳಿವೆ. ಅದರಿಂದಲೂ ಕೀಲುಗಳು ಬಿಗಿಯುತ್ತವೆ. ಸೊಂಟ, ಬೆನ್ನು, ಕುತ್ತಿಗೆಗಳೂ ಬಿಗಿದಿದ್ದರೆ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ರಾತ್ರಿ ನಿದ್ದೆಗೆಡಿಸುವ ನೋವು, ಕಾಲು ಬಾಗುವಿಕೆ, ಮನೆಯೊಳಗೇ ನಡೆಯಲಾಗದ ಸ್ಥಿತಿ ಬಂದು, ಬೇರೆ ಉಪಾಯಗಳು ಸೋತಾಗ ಮಾತ್ರ ಶಸ್ತ್ರಚಿಕಿತ್ಸೆ. ಆದರೆ ಆ ಸ್ಥಿತಿ ಬಂದ ಮೇಲೆ ತಡ ಮಾಡಬಾರದು.

ವೈದ್ಯರನ್ನು ಕೇಳಬೇಕಾದುವು ಇವು. ಮಂಡಿಯ ಒಂದು ಭಾಗ ಮಾತ್ರ ಸವೆದಿದ್ದರೆ ಅಷ್ಟನ್ನೇ ಬದಲಿಸಲು ಸಾಧ್ಯವೆ? ಬಳಸುವ ಮಾದರಿಯಲ್ಲಿ ಚಿಕ್ಕ ಮತ್ತು ಕಿರಿದಗಲದ ಅಳತೆಗಳಿವೆಯೆ? ಅವು ಶಸ್ತ್ರಚಿಕಿತ್ಸೆಯ ದಿನ ಕೈಗೆಟುಕುವಂತಿರುತ್ತವೆಯೆ? ಆ ಮಾದರಿಯನ್ನು ತಾವು ಎಷ್ಟು ಕಾಲದಿಂದ ಬಳಸುತ್ತಿದ್ದೀರಿ? ವ್ಯಾಯಾಮ ಕಲಿಸುವವರು ಇದ್ದಾರೆಯೆ? ನುರಿತ ಕೈ, ಸರಿಯಾದ ಅಳತೆ, ತಪ್ಪದ ವ್ಯಾಯಾಮ ಈ ಮೂರೂ ಕೂಡಿದಲ್ಲಿ ಪೆಟ್ಟಿಗೆಯ ಮೇಲಿನ ಹೆಸರಿಗೆ ಹೆಚ್ಚಿನ ಬೆಲೆಯಿಲ್ಲ.

ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತಂದುಕೊಳ್ಳಬೇಕು. ಹಲ್ಲಿನ ಕೀವು, ಮೂತ್ರದ ಸೋಂಕುಗಳನ್ನು ಮೊದಲೇ ಗುಣಪಡಿಸಿಕೊಳ್ಳಬೇಕು. ಕೃತಕ ಮಂಡಿಗೆ ಸೋಂಕು ತಗಲುವುದು ವಿರಳವಾದರೂ ತಗಲಿದರೆ ಗುಣಪಡಿಸುವುದು ಬಲು ಕಷ್ಟ. 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಲೆಕ್ಕಾಚಾರದಂತೆ ನೂರು ಕೃತಕ ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ಅರವತ್ತರಲ್ಲಿ ಮಾಡಿಸಿಕೊಂಡ ತಾಯಿ ಎಂಬತ್ತೈದರವರೆಗೂ ಅದೇ ಮಂಡಿಯಲ್ಲಿ ನಡೆದಾಡುವ ಭರವಸೆ ಇದು. ಹಾಗೆಂದು ಎಲ್ಲರಿಗೂ ಪೂರ್ಣ ತೃಪ್ತಿಯಾಗುತ್ತದೆಂದು ಹೇಳಲಾಗದು. ಸುಮಾರು ಐವರಲ್ಲಿ ಒಬ್ಬರಿಗೆ ತಾವೆಣಿಸಿದಷ್ಟು ಸುಖ ಸಿಗಲಿಲ್ಲವೆಂಬ ಕೊರಗು ಉಳಿಯುತ್ತದೆ. ಮೊದಲೇ ವೈದ್ಯರೊಡನೆ ಮನಬಿಚ್ಚಿ ಮಾತನಾಡಿದ್ದರೆ ಈ ಕೊರಗು ಎಷ್ಟೋ ಕಡಿಮೆಯಾಗುತ್ತದೆ.

ಮನೆಯವರ ಪಾಲು

ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲೇ ರೋಗಿಯನ್ನು ನಡೆಸುತ್ತಾರೆ. ನಿಜವಾದ ತಪಸ್ಸು ಆರಂಭವಾಗುವುದು ಮನೆಗೆ ಬಂದ ಮೇಲೆ. ಮೊದಲ ಆರು ವಾರಗಳ ವ್ಯಾಯಾಮದಲ್ಲಿ ನೋವಿರುತ್ತದೆ. ಅದನ್ನು ತಪ್ಪಿಸಿದರೆ ಮಂಡಿ ಬಿಗಿಯುತ್ತದೆ. ಈ ಅವಧಿಯಲ್ಲಿ ಒಲೆಯ ಮುಂದೆ ನಿಲ್ಲುವ ಹೊಣೆಯನ್ನು ಮನೆಯ ಗಂಡಸರೂ ಮಕ್ಕಳೂ ಹಂಚಿಕೊಳ್ಳಬೇಕು. ಮಂಚ, ಎತ್ತರದ ಕುರ್ಚಿ, ಕೂರುವ ಕಮೋಡು, ಬಚ್ಚಲಿನಲ್ಲಿ ಹಿಡಿಯಲೊಂದು ಕಂಬಿ ಇವು ಮೊದಲೇ ಸಿದ್ಧವಿರಲಿ. ಇವಕ್ಕೆ ತಗಲುವ ಖರ್ಚು ಹೆಂಗಸರ ಮಂಡಿಯೆಂದು ತೆರುವ ಹೆಚ್ಚುವರಿ ಹಣಕ್ಕಿಂತ ಎಷ್ಟೋ ಕಡಿಮೆ, ಪ್ರಯೋಜನ ಹೆಚ್ಚು. ನೆಲದ ಮೇಲೆ ಕೂರಲಾಗದೆಂಬ ಸಂಕೋಚವೂ ಬೇಡ. ಇಷ್ಟಲಿಂಗ ಪೂಜೆಯನ್ನು ಕುರ್ಚಿಯಲ್ಲಿ ಕೂತು ಮಾಡಿದರೆ ಭಕ್ತಿಗೆ ಕುಂದಾಗದು.

ಆ ತಾಯಿ ಮಗನಿಗೆ ನಾವು ಹೇಳಿದ್ದು ಇಷ್ಟೇ: ತಾಯಿ ಹೇಳುವಂತೆ ಸಾಲ ಬೇಡ; ಮಗ ಬಯಸುವಂತೆ ಉತ್ತಮವಾದುದೇ ಬೇಕು. ಎರಡೂ ಒಟ್ಟಿಗೆ ಸಾಧ್ಯ. ಅಳತೆಗೆ ಒಪ್ಪುವ ಸಾಧಾರಣ ಮಂಡಿಯನ್ನು ನುರಿತ ವೈದ್ಯರಿಂದ ಸಕಾಲದಲ್ಲಿ ಹಾಕಿಸಿದರೆ ಅದೇ ಉತ್ತಮವಾದುದು. ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯೂ ಇದೇ. ಈ ಪುಟವನ್ನು ಮಡಿಚಿಡುವ ಮೊದಲು ನಿಮ್ಮ ಮನೆಯ ತಾಯಿಯನ್ನೋ ಅತ್ತೆಯನ್ನೋ ಒಮ್ಮೆ ಕೇಳಿರಿ: "ಮಂಡಿ ಎಷ್ಟು ದಿನದಿಂದ ನೋಯುತ್ತಿದೆ?" ಆಕೆ "ಏನಿಲ್ಲ ಬಿಡಿ" ಎಂದರೆ, ಅಲ್ಲಿಗೇ ಬಿಡಬೇಡಿ; ಇನ್ನೊಮ್ಮೆ ಕೇಳಿರಿ.